ಮಗ್ಗುಲಾದರೆ ಕೋಣೆ ತಿರುಗುವುದೇಕೆ?

ಪ್ರಶ್ನೆ: ಅಮ್ಮ ಹಾಸಿಗೆಯಲ್ಲಿ ಮಗ್ಗುಲಾದರೆ ಸಾಕು, ತಲೆ ಗಿರ್ರನೆ ಸುತ್ತುತ್ತದೆ. ಡಾಕ್ಟರು ವ್ಯಾಯಾಮ ಹೇಳಿದ್ದಾರೆ. ಮಲಗಿ ಏಳುವುದರಿಂದ ತಲೆಸುತ್ತು ಹೋಗುತ್ತದೆಯೇ?

ಉತ್ತರ: ಬಹುಮಟ್ಟಿಗೆ ಹೋಗುತ್ತದೆ. ಒಳಗಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳಿವೆ. ವಯಸ್ಸಾದಂತೆ, ಅಥವಾ ತಲೆಗೆ ಪೆಟ್ಟು ಬಿದ್ದಾಗ, ಕೆಲವು ಕಳಚಿ ಅರ್ಧವೃತ್ತಾಕಾರದ ನಾಳಕ್ಕೆ ಜಾರುತ್ತವೆ. ತಲೆ ಹೊರಳಿದಾಗ ಅವು ಅಲ್ಲಿನ ದ್ರವವನ್ನು ಕದಡುತ್ತವೆ. ದೇಹ ತಿರುಗುತ್ತಿದೆಯೆಂದು ಮಿದುಳು ನಂಬಿಬಿಡುತ್ತದೆ.

ಬ್ರಾಂಟ್ ಮತ್ತು ಡರಾಫ್ ಎಂಬ ನರತಜ್ಞರು 1980ರಲ್ಲಿ ಪ್ರಕಟಿಸಿದ ವ್ಯಾಯಾಮ ಮನೆಗೆ ಹೇಳಿ ಮಾಡಿಸಿದ್ದು. ಮಂಚದ ಅಂಚಿನಲ್ಲಿ ಕೂತು ಮುಖವನ್ನು 45 ಡಿಗ್ರಿ ಎಡಕ್ಕೆ ತಿರುಗಿಸಿ, ಬಲ ಮಗ್ಗುಲಿಗೆ ಬೇಗ ಮಲಗಬೇಕು. 30 ಸೆಕೆಂಡು, ಅಥವಾ ಸುತ್ತು ನಿಲ್ಲುವವರೆಗೆ ಹಾಗೇ ಇದ್ದು, ಎದ್ದು ಕೂತು ಅಷ್ಟೇ ಹೊತ್ತು ಸುಧಾರಿಸಿಕೊಂಡು, ಇನ್ನೊಂದು ಬದಿಗೆ. ಹೀಗೆ 5 ಸಲ, ದಿನಕ್ಕೆ 3 ಹೊತ್ತು, ಎರಡು ವಾರ. ಹರಳುಗಳು ಚದುರುತ್ತವೆ, ಮಿದುಳೂ ಒಗ್ಗಿಕೊಳ್ಳುತ್ತದೆ. ಮೊದಮೊದಲು ತಲೆಸುತ್ತು ಬಂದೇ ಬರುತ್ತದೆ. ಅದಕ್ಕೆ ಹೆದರಿ ಬಿಡಬೇಡಿ, ಅಮ್ಮನ ಪಕ್ಕದಲ್ಲೇ ಇರಿ.

ಸಮತೋಲನಕ್ಕೆ ಗೋಡೆಯ ಮೂಲೆಯಲ್ಲಿ ಪಾದ ಜೋಡಿಸಿ ನಿಲ್ಲುವ ಅಭ್ಯಾಸ ಒಳ್ಳೆಯದು. ಕುತ್ತಿಗೆ ನೋವಿದ್ದರೆ ಮೊದಲು ಡಾಕ್ಟರಿಗೆ ತಿಳಿಸಿ. ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲು ಸೋತರೆ ವ್ಯಾಯಾಮ ಬಿಟ್ಟು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.