ಹಲ್ಲಿಲ್ಲದ ಊಟಗಾರ

ಮಕ್ಕಳೇ, ಶಿರಾ ತಾಲ್ಲೂಕಿನ ಮದಲೂರು ಕಡೆ ಕುರಿ ಸಾಕುವವರಿದ್ದಾರೆ. ಸತ್ತ ಕುರಿಯ ಮೈಯಲ್ಲಿ ಬಿಳಿ ಹುಳುಗಳು ಗಿಜಿಗುಡುವುದನ್ನು ನೀವು ನೋಡಿರಬಹುದು. ಅವು ತಾವಾಗಿಯೇ ಹುಟ್ಟಿದವಲ್ಲ. ನೊಣವಿಟ್ಟ ಮೊಟ್ಟೆಗಳಿಂದ ಬಂದ ಮರಿಗಳು.

ಇವುಗಳಿಗೆ ಹಲ್ಲಿಲ್ಲ. ಹಾಗಾದರೆ ತಿನ್ನುವುದು ಹೇಗೆ? ಬಾಯಿಯ ಕೊಕ್ಕೆಗಳಿಂದ ಮಾಂಸವನ್ನು ಕೆರೆದು, ಜೀರ್ಣರಸ ಸುರಿಸಿ, ಕರಗಿದ ಸಾರವನ್ನು ಹೀರುತ್ತವೆ. ಉಸಿರಾಟದ ಮುಖ್ಯ ರಂಧ್ರಗಳು ಹಿಂಭಾಗದಲ್ಲಿವೆ. ಆದ್ದರಿಂದ ತಲೆಯನ್ನು ಆಹಾರದೊಳಗೆ ಹುದುಗಿಸಿಕೊಂಡೇ ತಿನ್ನಬಲ್ಲವು! ಬಲಿತ ಹುಳುಗಳು ಮಣ್ಣಿಗಿಳಿದು ಕೋಶವಾಗಿ, ಮುಂದೆ ನೊಣಗಳಾಗುತ್ತವೆ. ಹೀಗೆ ಕಳೇಬರ ಬೇಗ ಕರಗುತ್ತದೆ. ಅದರ ಸಾರ ಮಣ್ಣಿಗೂ ಹುಳು ತಿನ್ನುವ ಹಕ್ಕಿಗಳಿಗೂ ಸೇರುತ್ತದೆ.

ಆದರೆ ಎಚ್ಚರ! ಕೆಲವು ಜಾತಿಯ ನೊಣಗಳು ಬದುಕಿರುವ ಕುರಿಯ ಗಾಯದಲ್ಲೂ ಮೊಟ್ಟೆಯಿಡುತ್ತವೆ. ಅವುಗಳ ಮರಿಗಳು ಜೀವಂತ ಮಾಂಸವನ್ನೇ ತಿನ್ನುತ್ತವೆ. ನಿಮ್ಮ ಕುರಿಯ ಗಾಯದಲ್ಲಿ ಹುಳು ಕಂಡರೆ ತಡಮಾಡದೆ ಪಶುವೈದ್ಯರಿಗೆ ತೋರಿಸುವಂತೆ ಮನೆಯ ಹಿರಿಯರಿಗೆ ತಿಳಿಸಿ.