ಅಲುಗುವ ಹಿಡಿ: ಅಲಕ್ಷ್ಯ ಬೇಡ

ತೋಟದ ಕಾವಲಿಗೆಂದು ಪರವಾನಗಿ ಪಡೆದು ಕೋವಿ, ರಿವಾಲ್ವರ್ ಇಟ್ಟುಕೊಂಡಿರುವ ಸದಸ್ಯ ಬಂಧುಗಳಲ್ಲಿ ನಮ್ಮದೊಂದು ಅರಿಕೆ.

ಮಳೆಗಾಲದಲ್ಲಿ ಉಬ್ಬಿದ ಮರದ ಹಿಡಿ ಬೇಸಿಗೆಯಲ್ಲಿ ಕುಗ್ಗಿ ಸಡಿಲವಾಗುವುದು. ಸಿಂಧನೂರು, ಲಿಂಗಸುಗೂರು, ಮಸ್ಕಿಯಂಥ ಬಿಸಿಲುಸೀಮೆಯಲ್ಲಂತೂ ಈ ತೊಂದರೆ ಹೆಚ್ಚು. ಅತಿಯಾಗಿ ಹಚ್ಚಿದ ಎಣ್ಣೆಯೂ ಒಳಗಿಳಿದು ಮರವನ್ನು ಮೆತ್ತಗಾಗಿಸುವುದು.

ಮೊದಲು ಗುಂಡು ತೆಗೆಯಿರಿ. ಗುಂಡು ಕೂರುವ ಜಾಗ ಬರಿದಾಗಿದೆಯೇ ಎಂದು ಕಣ್ಣಾರೆ ನೋಡಿ. ಬಳಿಕ ಅಳತೆಗೆ ಸರಿಯಾದ ಸ್ಕ್ರೂಡ್ರೈವರಿನಿಂದ ಸ್ಕ್ರೂವನ್ನು ಮೆಲ್ಲನೆ ಬಿಗಿ ಮಾಡಿ. ಜೋರು ಮಾಡಿದರೆ ಮರ ಸೀಳುತ್ತದೆ.

ಆಗಲೂ ಅಲುಗಿದರೆ ಊರ ಬಡಗಿಗೋ ಕಮ್ಮಾರನಿಗೋ ಕೊಡಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನ ಪ್ರಕಾರ ದುರಸ್ತಿ ಮಾಡುವವರಿಗೂ ಪರವಾನಗಿ ಬೇಕು. ಅಂಥವರಲ್ಲಿಗೇ ಒಯ್ಯಿರಿ.

ಕೈಜಾರಿದ ಕೋವಿಗೆ ಗುರಿಯೆಂಬುದಿಲ್ಲ. ಎದುರಿಗೆ ನಿಂತವರು ನಮ್ಮ ಮನೆಯವರೇ ಆಗಿರಬಹುದು.