ಮಸಾರಿ ನೆಲದ ಎಣ್ಣೆ ಊರುಗಳು

ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯಲ್ಲಿ ಪ್ರತಿ ಬೇಸಿಗೆ ಮರುಳಸಿದ್ಧೇಶ್ವರ ದೇಗುಲದ ಶಿಖರಕ್ಕೆ ಎಣ್ಣೆ ಎರೆಯುತ್ತಾರೆ. ಶಿಖರ ತೈಲಾಭಿಷೇಕವೆಂದು ಹೆಸರಾದ ಈ ಸೇವೆಗೆ ಜರಿಮಲೆ ಪಾಳೇಗಾರರ ಮನೆತನದಿಂದ ಎಣ್ಣೆ ಬರುವ ವಾಡಿಕೆಯಿದೆ. ಹರಕೆ ಹೊತ್ತ ಭಕ್ತರೂ ತಂದು ಒಪ್ಪಿಸುತ್ತಾರೆ. ಮಳೆಯನ್ನೇ ಕಾದು ಕೂರುವ ಸೀಮೆಯಲ್ಲಿ ಕಲ್ಲಿನ ಶಿಖರ ತೋಯುವಷ್ಟು ಎಣ್ಣೆ ಎಲ್ಲಿಂದ ಬಂತು? ಉತ್ತರ ಹುಡುಕುತ್ತ ಹೊರಟರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ರೈತರು, ಗಾಣಿಗರು, ಹಮಾಲರು ಕಟ್ಟಿದ ಒಂದು ದೊಡ್ಡ ಬದುಕು ಕಣ್ಣಿಗೆ ಬೀಳುತ್ತದೆ.

ಗಾಣದ ಕಾಲ

ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ದೇವರ ನಂದಾದೀವಿಗೆಗೆ ಗಾಣದ ಎಣ್ಣೆ ಬಿಟ್ಟುಕೊಟ್ಟ ದತ್ತಿಗಳು ಮತ್ತೆ ಮತ್ತೆ ಬರುತ್ತವೆ. ಹರಪನಹಳ್ಳಿ ಬಳಿಯ ಬಾಗಳಿಯ ಕಲ್ಲೇಶ್ವರ, ಹಡಗಲಿ ಸೀಮೆಯ ಕುರುವತ್ತಿಯ ಮಲ್ಲಿಕಾರ್ಜುನ ಗುಡಿಗಳು ಎದ್ದು ನಿಂತದ್ದು ಆ ಕಾಲದಲ್ಲೇ. ಆಗಿನ ಎಣ್ಣೆ ಎಳ್ಳು, ಔಡಲ, ಕುಸುಬೆಗಳದು. ರೈತ ಕಾಳು ತರುತ್ತಿದ್ದ, ಗಾಣಿಗ ಎತ್ತು ಕಟ್ಟಿ ಅರೆಯುತ್ತಿದ್ದ. ಎಣ್ಣೆ ಅಡುಗೆಗೆ, ದೀಪಕ್ಕೆ, ಹಿಂಡಿ ದನಕ್ಕೆ, ದನದ ಗೊಬ್ಬರ ಮತ್ತೆ ಹೊಲಕ್ಕೆ. ಎತ್ತಿನ ಗಾಣಕ್ಕೆ ಎಣ್ಣೆಯನ್ನು ಪೂರ್ತಿ ಹಿಂಡುವ ಶಕ್ತಿಯಿರಲಿಲ್ಲ. ಹಿಂಡಿಯಲ್ಲಿ ನೂರಕ್ಕೆ ಹತ್ತು ಪಾಲಿನಷ್ಟು ಎಣ್ಣೆ ಉಳಿದೇ ಇರುತ್ತಿತ್ತು. ಆ ಹತ್ತು ಪಾಲು ಊರಿನ ದನಗಳ ಮೈಗೆ ಸೇರುತ್ತಿತ್ತು. ಬೆಳೆದದ್ದೆಲ್ಲ ಊರಲ್ಲೇ ಸುತ್ತುತ್ತಿದ್ದ ವ್ಯವಸ್ಥೆ ಅದು.

ಶೇಂಗಾ ಬಂತು, ರೈಲು ಬಂತು

ದಕ್ಷಿಣ ಅಮೆರಿಕದಲ್ಲಿ ಹುಟ್ಟಿ ಹಡಗು ಹತ್ತಿ ಬಂದ ಶೇಂಗಾ ಈ ಲೆಕ್ಕವನ್ನು ಬದಲಿಸಿತು. 19ನೇ ಶತಮಾನದಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ಪಟ್ಟಣದ ಎಣ್ಣೆ ಮತ್ತು ಸಾಬೂನು ಕಾರ್ಖಾನೆಗಳಿಗೆ ಪುದುಚೇರಿಯಿಂದ ಶೇಂಗಾ ಹೋಗುತ್ತಿತ್ತು. ಆ ಬೇಡಿಕೆ ತಮಿಳು ಸೀಮೆಯ ಹೊಲಗಳಿಂದ ಮೇಲಕ್ಕೆ ಹಬ್ಬಿ, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ ಜಿಲ್ಲೆಯನ್ನೂ ಮುಟ್ಟಿತು. ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆ, ಆಳವಿಲ್ಲದ ಕೆಂಪು ಮಸಾರಿ ಮಣ್ಣು: ಬೇರೆ ಬೆಳೆಗಳು ಸೊರಗುವ ಕಡೆ ಶೇಂಗಾ ಬೇರು ಬಿಟ್ಟಿತು. ಸಡಿಲ ಮಣ್ಣಾದ್ದರಿಂದ ಕಾಯಿ ಕೀಳುವುದು ಸುಲಭ. ಮಳೆ ಕೈಕೊಟ್ಟು ಕಾಯಿ ಕಡಿಮೆಯಾದರೂ ಬಳ್ಳಿಯಾದರೂ ದನಕ್ಕೆ ಮೇವಾಗುತ್ತಿತ್ತು. ತಮಿಳುನಾಡಿನ ತಿಂಡಿವನಂನಲ್ಲಿ ಸಿದ್ಧವಾಗಿ 1940ರಲ್ಲಿ ಹೊರಬಂದ ಟಿಎಂವಿ–2 ತಳಿ ಸುಮಾರು ನೂರು ದಿನಕ್ಕೆ ಕೈಗೆ ಬರುತ್ತಿದ್ದುದರಿಂದ ಮಳೆಯಾಶ್ರಿತ ರೈತರ ನೆಚ್ಚಿನ ಬೀಜವಾಗಿ ದಶಕಗಟ್ಟಲೆ ಉಳಿಯಿತು.

ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ ಮೇಲೆ ಕೊಟ್ಟೂರಿಗೆ ಮೀಟರ್‌ಗೇಜ್ ರೈಲು ಬಂದದ್ದು 1905ರಲ್ಲಿ. ಹಳಿ ಅಲ್ಲಿಗೇ ಮುಗಿಯುತ್ತಿದ್ದುದರಿಂದ ಸುತ್ತಲ ಹಳ್ಳಿಗಳ ಬಂಡಿಗಳಿಗೆ ಕೊಟ್ಟೂರೇ ಕೊನೆಯ ನಿಲ್ದಾಣ. ಗುರುಬಸವೇಶ್ವರನ ತೇರಿಗೆ ಜನ ಸೇರುತ್ತಿದ್ದ ಊರಿಗೆ ವ್ಯಾಪಾರದ ಬಲವೂ ಕೂಡಿತು. ಶೇಂಗಾ ಕೊಟ್ಟ ರೊಕ್ಕದಿಂದ ಮನೆಗಳೆದ್ದವು, ಮಕ್ಕಳು ಶಾಲೆ ಕಂಡರು. ಆದರೆ ಕಾಳು ಹೊರಗೆ ಹೋದಾಗ ಅದರೊಳಗಿನ ಹಿಂಡಿಯೂ ಹೊರಗೇ ಹೋಯಿತು. ಗಾಣಿಗನ ಕೆಲಸ ಕುಗ್ಗತೊಡಗಿತು.

ಗಿರಣಿಯ ದಿನಗಳು

1937ರಲ್ಲಿ ದಾಲ್ಡಾ ಮಾರುಕಟ್ಟೆಗೆ ಬಂದ ಮೇಲೆ ವನಸ್ಪತಿ ಕಾರ್ಖಾನೆಗಳಿಗೂ ಶೇಂಗಾ ಎಣ್ಣೆ ಬೇಕಾಯಿತು. ಸ್ವಾತಂತ್ರ್ಯದ ನಂತರ ಎಕ್ಸ್‌ಪೆಲ್ಲರ್ ಯಂತ್ರದ ಗಿರಣಿಗಳು ಬೆಳೆಯುವ ನಾಡಿಗೇ ಬಂದವು. ಕೂಡ್ಲಿಗಿಯಿಂದ ದಕ್ಷಿಣಕ್ಕೆ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಎಷ್ಟು ಗಿರಣಿಗಳ ಊರಾಯಿತೆಂದರೆ, ಎಣ್ಣೆಗೆ ಮುಂಬೈ ಬಿಟ್ಟರೆ ಚಳ್ಳಕೆರೆಯೇ ಎಂಬ ಮಾತು ಹುಟ್ಟಿತು. ಎಣ್ಣೆಯಿಂದಲೇ ಬೆಳೆದ ಊರು ಬೇರೆಡೆಯೂ ಇದೆ: ದೇಶದ ಈಶಾನ್ಯದ ತುದಿಯಲ್ಲಿ, ಅಸ್ಸಾಮಿನ ದಿಗ್ಬೋಯಿ ಎಂಬ ಪುಟ್ಟ ಊರು ನೆಲದಾಳದ ಎಣ್ಣೆಯಿಂದ ಬೆಳೆಯಿತು. 1901ರಲ್ಲೇ ಅಲ್ಲಿ ಶುದ್ಧೀಕರಣಾಗಾರ ಶುರುವಾಗಿತ್ತು. ಆದರೆ ದಿಗ್ಬೋಯಿಗೆ ನೆಲದಾಳದ ಬಾವಿಯಿದ್ದಂತೆ ಚಳ್ಳಕೆರೆಗಿಲ್ಲ; ಚಳ್ಳಕೆರೆಯ ಬಾವಿ ಎಂದರೆ ಸುತ್ತಲ ತಾಲ್ಲೂಕುಗಳ ಹೊಲ. ಪ್ರತಿ ಮುಂಗಾರಿಗೆ ಅದು ಹೊಸದಾಗಿ ತುಂಬಬೇಕು, ತುಂಬುವವನಿಗೆ ತಕ್ಕ ಬೆಲೆಯೂ ಸಿಗಬೇಕು.

1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಬೀಜಗಳ ತಂತ್ರಜ್ಞಾನ ಮಿಷನ್ ಆರಂಭಿಸಿತು. ರಾಜ್ಯದಲ್ಲಿ ಎಣ್ಣೆಬೀಜ ಬೆಳೆಗಾರರ ಸಹಕಾರ ಮಹಾಮಂಡಳ ಕಾಲೂರಿತು. 1990ರ ದಶಕದ ಆರಂಭಕ್ಕೆ ದೇಶ ಅಡುಗೆ ಎಣ್ಣೆಯಲ್ಲಿ ಬಹುತೇಕ ಸ್ವಾವಲಂಬಿಯಾಗಿತ್ತು.

ಬಾಗಿಲು ತೆರೆದಾಗ

1994ರಲ್ಲಿ ಪಾಮೋಲಿನ್ ಆಮದು ಮುಕ್ತವಾಯಿತು. ಶೇ 65ರಷ್ಟಿದ್ದ ಸುಂಕವನ್ನು ಕೆಲವೇ ವರ್ಷಗಳಲ್ಲಿ ಶೇ 15ಕ್ಕೆ ಇಳಿಸಲಾಯಿತು. ಮಲೇಷ್ಯಾ, ಇಂಡೊನೇಷ್ಯಾಗಳ ಅಗ್ಗದ ಎಣ್ಣೆ ಪಾಕೀಟಿನಲ್ಲಿ ಹಳ್ಳಿಯ ಕಿರಾಣಿ ಅಂಗಡಿಗೂ ಬಂತು. ಶೇಂಗಾ ಗಿರಣಿಗೆ ಪೈಪೋಟಿ ಕೊಡಲಾಗಲಿಲ್ಲ. ರೋಗ, ಕೈಕೊಡುವ ಮಳೆ, ಕೀಳಲು, ಬಿಡಿಸಲು ಏರಿದ ಕೂಲಿ ಎಲ್ಲ ಸೇರಿ ರೈತ ಮೆಕ್ಕೆಜೋಳದತ್ತ ಹೊರಳಿದ. ಹರಪನಹಳ್ಳಿ, ಹಡಗಲಿ ಕಡೆ ಈಗ ಕಣ್ಣು ಹಾಯಿಸಿದಷ್ಟೂ ಅದೇ. ಇಂದು ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಶೇಂಗಾ ಬೆಳೆದ ಮನೆಯಲ್ಲೇ ಒಗ್ಗರಣೆಗೆ ಹಡಗಿನಲ್ಲಿ ಬಂದ ಎಣ್ಣೆ!

ಈಚೆಗೆ ಮೋಟಾರಿನಿಂದ ತಿರುಗುವ ಮರದ ಗಾಣಗಳು ಮತ್ತೆ ಕಾಣುತ್ತಿವೆ. ಪಟ್ಟಣದವರು ಹೆಚ್ಚು ಹಣ ಕೊಟ್ಟು ಆ ಎಣ್ಣೆ ಒಯ್ಯುತ್ತಾರೆ. ಇದು ಸಂತೋಷದ ಸುದ್ದಿ, ಆದರೆ ಇಷ್ಟೇ ಸಾಲದು. ಕಾಳಿನ ತೂಕದಲ್ಲಿ ಅರ್ಧದಷ್ಟು ಎಣ್ಣೆ, ಉಳಿದದ್ದು ಸತ್ವವುಳ್ಳ ಹಿಂಡಿ. ಎರಡೂ ಈ ಐದು ತಾಲ್ಲೂಕುಗಳಲ್ಲೇ ತಯಾರಾದರೆ ಕೂಲಿ ಇಲ್ಲೇ, ಮೇವು ಇಲ್ಲೇ, ಗೊಬ್ಬರವೂ ಇಲ್ಲೇ. ಹಳಿ ಈಗ ಕೊಟ್ಟೂರಿನಿಂದ ಹರಪನಹಳ್ಳಿ ಹಾದು ಹರಿಹರ ಸೇರಿದೆ. ಸರಕು ಸಾಗಿಸಲು ದಾರಿಯ ಕೊರತೆಯಿಲ್ಲ. ಸುಗ್ಗಿಯ ಹೊತ್ತಿಗೆ ಬೆಂಬಲ ಬೆಲೆಯ ಖರೀದಿ, ರೈತರೇ ಒಡೆಯರಾದ ಸಣ್ಣ ಗಿರಣಿಗಳು, ಅಂಗನವಾಡಿ–ಹಾಸ್ಟೆಲುಗಳ ಅಡುಗೆಗೆ ಸ್ಥಳೀಯ ಎಣ್ಣೆ: ಈ ಮೂರನ್ನು ಸರ್ಕಾರ ಮತ್ತು ಸಹಕಾರ ಸಂಘಗಳು ಕೈಗೆತ್ತಿಕೊಂಡರೆ ಮಸಾರಿ ನೆಲ ಮತ್ತೆ ಶೇಂಗಾ ಬಿತ್ತಲು ಧೈರ್ಯ ಮಾಡೀತು.